‘ರಾತ್ರಿ ಎಷ್ಟು ಸೆಂಟು?’: ಓದುಗರ ಪ್ರಶ್ನೆ, ಕನ್ನಡ ಮೇಷ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಮಾತು ಕೇಳುತ್ತಿವೆ: ‘ನನ್ನ ಬರವಣಿಗೆ ತೀರಾ ಸಾದಾ ಆಯ್ತು ಅನ್ನಿಸುತ್ತೆ ಸಾರ್, ಅದಕ್ಕೆ ತೂಕ ಬರಿಸೋದು ಹೇಗೆ?’ ನಾನು ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದವನು. ನಿವೃತ್ತನಾದ ಮೇಲೂ ಊರವರ ಅರ್ಜಿ, ಕರೆಯೋಲೆ, ಸ್ಮರಣ ಸಂಚಿಕೆಗಳನ್ನು ತಿದ್ದಿಕೊಡುತ್ತಿದ್ದೇನೆ. ತೂಕ ಬರಿಸಲು ಹೋಗಿ ಕೆಟ್ಟ ಬರಹವನ್ನು ನೋಡಿದಷ್ಟು, ಸಾದಾ ಆಗಿ ಕೆಟ್ಟದ್ದನ್ನು ನೋಡಿಲ್ಲ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಆ ಪತ್ರ ಅಂಥದ್ದು.

ಪ್ರಶ್ನೆ: ನಮ್ಮ ತಾತ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ 38 ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ವರ್ಷದ ಪುಣ್ಯಸ್ಮರಣೆಗೆ ಒಂದು ಚಿಕ್ಕ ಪುಸ್ತಕ ಮಾಡಿಸುತ್ತಿದ್ದೇವೆ. ಓದಿದವಳು ಅಂತ ನನ್ನ ಕೈಲಿ ಬರೆಸುತ್ತಿದ್ದಾರೆ. ‘ಸದಾ ಹಸನ್ಮುಖಿಯೂ, ಕಾಯಕಯೋಗಿಯೂ, ಅಜಾತಶತ್ರುವೂ, ಸರಳ ಸಜ್ಜನಿಕೆಯ ಸಾಕಾರಮೂರ್ತಿಯೂ ಆಗಿದ್ದ ನಮ್ಮ ಪೂಜ್ಯ ತಾತನವರ ಅಗಲಿಕೆಯಿಂದ ತುಂಬಲಾರದ ನಷ್ಟವುಂಟಾಗಿದೆ’ ಅಂತ ಶುರು ಮಾಡಿದೆ. ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಚೆನ್ನಾಗೈತೆ. ಇದು ಯಾರ ವಿಚಾರ ಮಗಾ?’ ಅಂದರು. ನನಗೆ ಅಳು ಬಂದುಬಿಟ್ಟಿತು. ತಾತ ದೊಡ್ಡ ಮನುಷ್ಯರೇನಲ್ಲ. ಬೆಳಿಗ್ಗೆ ಎದ್ದು ಮಳೆ ಅಳೆಯೋರು, ಡೈರಿ ಬರೆಯೋರು, ಆಳು ಕರೆಯೋರು, ಅಷ್ಟೇ. ಬೇಲಿ ವಿಷಯಕ್ಕೆ ಪಕ್ಕದ ಮನೆಯವರ ಹತ್ತಿರ ಆರು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನಗೆ ಫೋನ್ ಮಾಡಿಸಿ, ‘ರಾತ್ರಿ ಎಷ್ಟು ಸೆಂಟು?’ ಅಂತ ಕೇಳಿದರು. ನಾನು ಅಳೆದಿರಲಿಲ್ಲ, ಸುಮ್ಮನೆ 40 ಅಂದುಬಿಟ್ಟೆ. ಇಂಥವರ ಬಗ್ಗೆ ಓದಿದವರಿಗೆ ಗೌರವ ಬರುವ ಹಾಗೆ ಬರೆಯುವುದು ಹೇಗೆ?

ಉತ್ತರ: ನಿಮ್ಮ ಅಜ್ಜಿ ಕೇಳಿದ್ದಕ್ಕಿಂತ ಒಳ್ಳೆಯ ಪ್ರಶ್ನೆ ನನಗೂ ಹೊಳೆಯುವುದಿಲ್ಲ. ಐವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನನ್ನು ಆ ವಾಕ್ಯದಲ್ಲಿ ಹುಡುಕಿದ್ದಾರೆ, ಸಿಕ್ಕಿಲ್ಲ. ಸಿಗುವುದಾದರೂ ಹೇಗೆ? ಹೆಸರೊಂದನ್ನು ಬದಲಾಯಿಸಿದರೆ ಅದೇ ವಾಕ್ಯವನ್ನು ಅಡಿಕೆ ಮಂಡಿ ಸಾಹುಕಾರರಿಗೂ ಅಚ್ಚು ಹಾಕಿಸಬಹುದು, ನಿವೃತ್ತ ಪೋಸ್ಟ್‌ಮಾಸ್ಟರಿಗೂ ಹಾಕಿಸಬಹುದು. ಹಾಕಿಸಿಯೂ ಇದ್ದಾರೆ, ನಾನೇ ಎಷ್ಟೋ ಸಲ ತಿದ್ದಿದ್ದೇನೆ.

ಆದರೆ ನಿಮ್ಮ ಪತ್ರದ ಕೊನೆಯ ಐದಾರು ಸಾಲು ಓದಿ ನಾನು ಪತ್ರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ದೊಡ್ಡ ಮನುಷ್ಯರೇನಲ್ಲ’ ಅಂತ ಹೇಳಿ, ಅದಾದ ಮೇಲೆ ನೀವು ಬರೆದಿದ್ದೀರಲ್ಲ, ನೀವು ಬರೆಯಬೇಕಾದ ಲೇಖನ ಅದು. ನನಗೆ ಪತ್ರ ಬರೆಯುವಾಗ ನೀವು ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ, ತಾತನನ್ನು ನೆನೆಸಿಕೊಂಡು ಕಷ್ಟ ಹೇಳಿಕೊಂಡಿರಿ. ಅದಕ್ಕೇ ಅಲ್ಲಿ ತಾತ ಬಂದು ಕೂತಿದ್ದಾರೆ.

ಅರಸೀಕೆರೆ, ಕಡೂರು ಕಡೆಯ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. 100 ಸೆಂಟ್ ಅಂದರೆ ಒಂದು ಇಂಚು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯುತ್ತಿರುತ್ತದೆ. ಇಂಚಿನ ಆಸುಪಾಸು ಮಳೆ ಒಂದೇ ಸಲ ಹೊಯ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಹದಿನೈದು ಇಪ್ಪತ್ತು ಸೆಂಟ್ ಹನಿಸಿ ಹೋದರೆ ಮೊಗ್ಗು ಅರೆಬರೆ ಬಿರಿದು ಹಾಳಾಗುತ್ತದೆ, ಮೋಟರ್ ಹಾಕಿ ಸ್ಪ್ರಿಂಕ್ಲರ್ ತಿರುಗಿಸಬೇಕು. ಹಾಗಾಗಿ ‘ರಾತ್ರಿ ಎಷ್ಟು ಸೆಂಟು?’ ಅನ್ನುವುದರಲ್ಲಿ ಮುಂದಿನ ವರ್ಷದ ಫಸಲಿದೆ, ಸಾಲವಿದೆ, ಶನಿವಾರದ ಬಟವಾಡೆ ಇದೆ. ಹಾಸಿಗೆ ಹಿಡಿದ ಮನುಷ್ಯ ತನ್ನದಲ್ಲದ ತೋಟದ ಮಳೆ ಕೇಳುತ್ತಾರೆ. ಇದನ್ನು ಓದಿದವರಿಗೆ ನೀವು ‘ಕಾಯಕಯೋಗಿ’ ಅಂತ ಬೇರೆ ಹೇಳಬೇಕೇ?

ಒಂದು ಕೆಲಸ ಮಾಡಿ. ನೀವು ಬರೆದ ಒಂದೊಂದು ಹೊಗಳಿಕೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಯಾವತ್ತು?’ ಅಂತ ಬರೆದುಕೊಳ್ಳಿ. ಹಸನ್ಮುಖಿ: ಯಾವತ್ತು ನಕ್ಕರು, ಯಾವುದಕ್ಕೆ? ನೆನಪಾದರೆ ಆ ದಿನವನ್ನು ಬರೆಯಿರಿ, ಆಗದಿದ್ದರೆ ಪದ ಹೊಡೆದುಹಾಕಿ. ಅಜಾತಶತ್ರು: ಇದನ್ನಂತೂ ತೆಗೆಯಲೇಬೇಕು, ಬೇಲಿ ಜಗಳವನ್ನು ನೀವೇ ಹೇಳಿದ್ದೀರಿ. ಆ ಜಗಳವನ್ನೂ ಬರೆಯಲು ಹಿಂಜರಿಯಬೇಡಿ. ಪಕ್ಕದ ಮನೆಯವರ ಹೆಸರು ಬೇಡ, ಅವರೂ ಸಮಾರಂಭಕ್ಕೆ ಬರುವವರೇ. ಆರು ವರ್ಷ ಹಟ ಹಿಡಿದ ಮನುಷ್ಯನೇ 38 ವರ್ಷ ಒಂದು ದಿನ ತಪ್ಪದೆ ಮಳೆ ಅಳೆದಿದ್ದು. ಎರಡೂ ಒಂದೇ ಸ್ವಭಾವದಿಂದ ಬಂದದ್ದು. ಒಂದನ್ನು ಮುಚ್ಚಿಟ್ಟರೆ ಇನ್ನೊಂದರ ಮೇಲೂ ನಂಬಿಕೆ ಬರುವುದಿಲ್ಲ.

ನನ್ನ ಅನುಭವದಲ್ಲಿ ದೊಡ್ಡ ಪದ ಬಂದು ಕೂರುವುದು ನಾವು ಸರಿಯಾಗಿ ನೋಡದೆ ಬಿಟ್ಟ ಜಾಗದಲ್ಲಿ. ಇದು ನನಗೆ ತಡವಾಗಿ ತಿಳಿಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಾಲೇಜಿನ ಅಟೆಂಡರ್ ಒಬ್ಬರ ಬೀಳ್ಕೊಡುಗೆಗೆ ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಕರ್ತವ್ಯನಿಷ್ಠಾ ಧುರೀಣರೇ’ ಅಂತ ಶುರು ಮಾಡಿ ಒಂದು ಪುಟ ತುಂಬಿಸಿದೆ. ಸಭೆಯಲ್ಲಿ ಜೋರು ಚಪ್ಪಾಳೆ ಬಿತ್ತು. ಎಷ್ಟೋ ವರ್ಷದ ಮೇಲೆ ಅವರ ಮನೆಗೆ ಹೋದಾಗ ಅದು ಕಟ್ಟು ಹಾಕಿಸಿ ಗೋಡೆಯ ಮೇಲಿತ್ತು. ‘ಏನು ಬರ್ದಿದೀರಿ ಅಂತ ಮೊಮ್ಮಕ್ಕಳು ಕೇಳ್ತಾರೆ ಸಾರ್. ನಂಗೂ ಗೊತ್ತಾಗಲ್ಲ’ ಅಂದರು. ಅವರು ದಿನವೂ ನಮಗಿಂತ ಅರ್ಧ ಗಂಟೆ ಮೊದಲು ಬಂದು, ಮಳೆಗಾಲದಲ್ಲಿ ಸೋರುವ ಕೊಠಡಿಗಳಲ್ಲಿ ಬೆಂಚು ಎಳೆದು ಒಣ ಜಾಗಕ್ಕೆ ಹಾಕುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಬರೆಯಲಿಲ್ಲ. ಬರೆದಿದ್ದರೆ ಮೊಮ್ಮಕ್ಕಳಿಗೆ ಅಜ್ಜ ಸಿಗುತ್ತಿದ್ದರು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ನಿಮ್ಮ ಲೇಖನವನ್ನು ನಿಮ್ಮದೇ ಮಾತಿನಲ್ಲಿ ಹೀಗೆ ಶುರು ಮಾಡಬಹುದು:

‘ತಾತ ಕಾಫಿ ತೋಟದ ರೈಟರ್ ಆಗಿದ್ದರು. ಬೆಳಿಗ್ಗೆ ಎದ್ದು ಮಳೆ ಅಳೆಯೋರು, ಡೈರಿ ಬರೆಯೋರು. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನಗೆ ಫೋನ್ ಮಾಡಿಸಿ, ರಾತ್ರಿ ಎಷ್ಟು ಸೆಂಟು ಅಂತ ಕೇಳಿದರು. ನಾನು ಅಳೆದಿರಲಿಲ್ಲ. ನಲವತ್ತು ಅಂದೆ.’

ಇಷ್ಟರಲ್ಲಿ ನನ್ನ ಪದ ಒಂದೂ ಇಲ್ಲ. ಮುಂದಿನದನ್ನು ನಾನು ಬರೆದುಕೊಡಲಾರೆ, ಕೊಡಲೂಬಾರದು. ಅವರು ಮಳೆ ಮಾಪಕದ ನೀರನ್ನು ಅಳತೆ ಗ್ಲಾಸಿಗೆ ಹೇಗೆ ಬಗ್ಗಿಸುತ್ತಿದ್ದರು, ಮಳೆ ಇಲ್ಲದ ದಿನ ಏನು ಬರೆಯುತ್ತಿದ್ದರು, ಗೊತ್ತಿಲ್ಲದೆ ನಾನು ತುಂಬಿಸಿದರೆ ಅದೂ ಇನ್ನೊಂದು ‘ಹಸನ್ಮುಖಿ’ ಆಗುತ್ತದೆ. ಅಜ್ಜಿಯನ್ನು ಕೇಳಿ. ತೋಟದ ಯಜಮಾನರ ಹತ್ತಿರ ಹಳೆಯ ಡೈರಿಗಳಿದ್ದರೆ ಒಂದು ದಿನದ ಪುಟ ನಕಲು ಮಾಡಿಕೊಳ್ಳಲು ಅಪ್ಪಣೆ ಕೇಳಿ. ನೀವು ಹುಟ್ಟಿದ ದಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಇಷ್ಟು ಮಳೆ, ಇಷ್ಟು ಆಳು, ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಅಂತ ಅವರ ಕೈಬರಹದಲ್ಲಿ ಎರಡು ಸಾಲು ಇರುತ್ತದೆ. ಅದನ್ನು ಹಾಗೆಯೇ ಪುಸ್ತಕದಲ್ಲಿ ಅಚ್ಚು ಹಾಕಿಸಿ. ನಮ್ಮ ತೋಟಗಳಲ್ಲಿ ಲೆಕ್ಕ, ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವವರನ್ನು ರೈಟರ್ ಅಂತ ಕರೆಯುತ್ತಾರಲ್ಲ, ನಾನು ಆ ಹೆಸರನ್ನು ಬಹಳ ಗೌರವದಿಂದ ಕಾಣುತ್ತೇನೆ. ಕಂಡದ್ದನ್ನು, ಅಳೆದದ್ದನ್ನು ಅಂದಂದಿಗೆ ಬರೆದಿಟ್ಟವರು ಅವರು.

ನಲವತ್ತು ಅಂದದ್ದನ್ನು ಪುಸ್ತಕದಲ್ಲಿ ಹಾಕಲು ಮನಸ್ಸು ಬರದಿದ್ದರೆ ಬಿಡಿ, ಅದು ನಿಮ್ಮ ಹಕ್ಕು. ಆದರೆ ಅದರ ಜಾಗದಲ್ಲಿ ‘ತುಂಬಲಾರದ ನಷ್ಟ’ ತರಬೇಡಿ.

ಪ್ರಶ್ನೆ: ನಾನು ಬೇಲೂರಿನವನು, ಬಿ.ಎ. ಎರಡನೇ ವರ್ಷ. ನೀವು ಯಾವಾಗಲೂ ಸರಳವಾಗಿ ಬರೆಯಿರಿ ಅನ್ನುತ್ತೀರಿ. ನಮ್ಮೂರ ದೇವಸ್ಥಾನದಲ್ಲಿ ಬೆರಳಗಲ ಜಾಗವನ್ನೂ ಬರಿದು ಬಿಟ್ಟಿಲ್ಲ. ಅದೂ ತೋರಿಕೆಯೇ? ಅಲಂಕಾರ, ಸಂಸ್ಕೃತ ಪದ, ಉದ್ದ ಸಮಾಸ ಇವೆಲ್ಲ ತಪ್ಪಾದರೆ ನಮ್ಮ ಹಳೆಯ ಕನ್ನಡದಲ್ಲಿ ಉಳಿಯುವುದೇನು?

ಉತ್ತರ: ಕೇಳಬೇಕಾದ ಪ್ರಶ್ನೆ ಕೇಳಿದ್ದೀರಿ. ಅಲಂಕಾರ ತಪ್ಪು ಅಂತ ನಾನು ಹೇಳಿದ ಹಾಗೆ ಕೇಳಿಸಿದ್ದರೆ, ನಾನು ಸರಿಯಾಗಿ ಹೇಳಿಲ್ಲ ಅಂತಲೇ ಅರ್ಥ.

ಚೆನ್ನಕೇಶವ ದೇವಸ್ಥಾನ 1117ರಲ್ಲಿ ಪ್ರತಿಷ್ಠೆಯಾದದ್ದು. ಅದರ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡ ಹಾಗೆಲ್ಲ ಗಟ್ಟಿಯಾಗುತ್ತದೆ. ಆ ಕುಸುರಿಗೆ ಕಲ್ಲೇ ಅನುವು ಮಾಡಿಕೊಟ್ಟಿತು. ಆದರೆ ಕಲ್ಲು ಮೆತ್ತಗಿದ್ದ ಮಾತ್ರಕ್ಕೆ ಮದನಿಕೆ ಮೂಡುವುದಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಅವರು ಬಳೆ ಏರಿಸಿದ ಕೈ ನೋಡಿದ್ದರು, ಕನ್ನಡಿ ಹಿಡಿದಾಗ ಸೊಂಟ ಎತ್ತ ಬಾಗುತ್ತದೆ ಅಂತ ನೋಡಿದ್ದರು. ಭಾನುವಾರ ಹಳೇಬೀಡಿಗೆ ಹೋಗಿ, ಹೊರಗೋಡೆಯ ತಳದಲ್ಲಿ ಸಾಲಾಗಿ ನಡೆಯುವ ಆನೆಗಳ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಸೊಂಡಿಲು, ಕಾಲು, ಕಿವಿ ನೋಡುತ್ತಾ ಹೋಗಿ. ಒಂದು ಅಚ್ಚು ಮಾಡಿ ಹೊಡೆದ ಸಾಲಲ್ಲ ಅದು. ಆನೆ ಬಲ್ಲವರು ಕೆತ್ತಿದ ಆನೆ.

ಇನ್ನೊಂದು ಥರದ ಅಲಂಕಾರ ಮದುವೆ ಛತ್ರದ್ದು. ಥರ್ಮಾಕೋಲಿನ ಕಂಬ ಬಾಡಿಗೆಗೆ ಬರುತ್ತದೆ, ರಾತ್ರಿ ಬಿಚ್ಚಿಕೊಂಡು ಹೋಗಿ ನಾಳೆ ಇನ್ನೊಂದು ಮದುವೆಗೆ ನಿಲ್ಲಿಸುತ್ತಾರೆ. ಅದೂ ನೋಡಲು ಬೇಲೂರಿನ ಕಂಬದ ಹಾಗೇ ಇರುತ್ತದೆ. ನೀವು ನನಗೆ ಕಳಿಸಿದ ಪ್ರಬಂಧದಲ್ಲಿ ‘ಪ್ರಕೃತಿ ಮಾತೆಯ ಮಡಿಲಲ್ಲಿ ನಳನಳಿಸುವ ಹಚ್ಚಹಸಿರಿನ ಸಿರಿ’ ಅಂತ ಇದೆ. ಅದು ಬಾಡಿಗೆ ಕಂಬ. ಅದೇ ಪ್ರಬಂಧದ ಮೂರನೇ ಪುಟದಲ್ಲಿ, ಯಗಚಿ ಹೊಳೆಯ ದಂಡೆಯಲ್ಲಿ ‘ಎಮ್ಮೆ ಬೆನ್ನಿನ ಮೇಲೆ ಕೂತ ಕೊಕ್ಕರೆ ಎಮ್ಮೆ ಮುಳುಗಿದಷ್ಟೂ ಕಾಲು ಎತ್ತಿ ಎತ್ತಿ ಇಡುತ್ತಿತ್ತು’ ಅಂತ ಬರೆದಿದ್ದೀರಿ. ಅದನ್ನು ನೀವೇ ಕೆತ್ತಿದ್ದು. ಎರಡೂ ಅಲಂಕಾರವೇ. ಎರಡನೆಯದನ್ನು ಯಾರೂ ಬಿಚ್ಚಿಕೊಂಡು ಹೋಗಲಾರರು.

ಹಳೆಯ ಕನ್ನಡದ ಮಾತಿಗೆ ಬಂದರೆ, ನಿಮ್ಮ ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಅಲ್ಲಿಯ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸಾಮಾನ್ಯವಾಗಿ ಅದರ ಕಾಲ ಕ್ರಿ.ಶ. 450ರ ಸುಮಾರು ಅನ್ನುತ್ತಾರೆ. ಇರುವುದು ಹದಿನಾರೇ ಸಾಲು. ಮೊದಲು ವಿಷ್ಣುವಿನ ಸ್ತುತಿ, ಅದು ಪೂರಾ ಸಂಸ್ಕೃತ. ಆಮೇಲೆ ದೊರೆಗಳನ್ನು ಹೊಗಳುವಾಗಲೂ ಉದ್ದುದ್ದ ಸಂಸ್ಕೃತ ಪದ. ಆದರೆ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಕೊಟ್ಟದ್ದೇನು ಅಂತ ಹೇಳುವ ಜಾಗಕ್ಕೆ ಬಂದಾಗ ನೋಡಿ: ‘ಬಾಳ್ಗಳ್ಚು’, ಕತ್ತಿ ತೊಳೆದ ಕೊಡುಗೆ. ಪಲ್ಮಿಡಿ, ಮೂಳಿವಳ್ಳಿ ಅಂತ ಎರಡು ಊರಿನ ಹೆಸರು. ‘ಕೊಟ್ಟಾರ್’. ಕೊಟ್ಟರು, ಅಷ್ಟೇ. ನಾನು ಓದಿಕೊಳ್ಳುವುದು ಹೀಗೆ: ಹೊಗಳಿಕೆ ಯಾರಿಗೆ ಅರ್ಥವಾದರೂ ಆಗದಿದ್ದರೂ ನಡೆದೀತು, ಊರು ಯಾರದು ಅನ್ನುವುದು ಮಾತ್ರ ಊರಿನವರಿಗೆ ತಿಳಿಯಲೇಬೇಕಿತ್ತು. ನಿಜವಾಗಿ ಹೇಳಲೇಬೇಕಾದ ಮಾತು ಬಂದಾಗ ಬರೆದವನ ಕೈ ತಾನಾಗಿ ಮನೆಮಾತಿಗೆ ಹೊರಳಿದೆ.

ಹಾಗಂತ ಸಂಸ್ಕೃತದ ಪದ ಕಂಡಲ್ಲೆಲ್ಲ ಕಿತ್ತುಹಾಕಬೇಡಿ. ಕಷ್ಟ, ಸುಖ, ಪ್ರೀತಿ, ಸಮಯ ಎಲ್ಲವೂ ಅಲ್ಲಿಂದ ಬಂದವೇ. ನಿಮ್ಮ ಅಮ್ಮ ದಿನಾ ಆಡುತ್ತಾರೆ. ಯಾರ ಬಾಯಲ್ಲೂ ಇಲ್ಲದ ಅಚ್ಚಗನ್ನಡ ಪದ ಹೊಸೆದು ಸಾಲಿಗೊಂದು ಸೇರಿಸುವ ಹುಡುಗರನ್ನೂ ನೋಡುತ್ತಿದ್ದೇನೆ. ಓದುಗರನ್ನು ಬೆರಗುಗೊಳಿಸುವ ಆಸೆ ಅಲ್ಲಿಯೂ ಅದೇ ಇದೆ, ಬಟ್ಟೆ ಮಾತ್ರ ಬೇರೆ.

ಪ್ರಶ್ನೆ: ಕಡೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಕುಡಿಯುವ ನೀರಿನ ಬೋರ್‌ವೆಲ್ ಮೋಟರ್ ಸುಟ್ಟುಹೋಗಿದೆ. ಎರಡು ಸಲ ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅರ್ಜಿಯ ನಕಲು ಇಟ್ಟಿದ್ದೇನೆ. ಭಾಷೆ ಇನ್ನೂ ಗಂಭೀರವಾಗಿರಬೇಕಿತ್ತೇ?

ಉತ್ತರ: ಉತ್ತರ ಕೊಡದಿರುವುದು ನಿಮ್ಮ ಭಾಷೆಯ ತಪ್ಪಲ್ಲ, ಅದು ಅವರ ತಪ್ಪು. ಆದರೆ ಅರ್ಜಿಯನ್ನು ಓದಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ಶುರುವಾಗಿ, ಗಾಂಧೀಜಿಯವರ ಗ್ರಾಮಸ್ವರಾಜ್ಯ ಬಂದು, ಮೋಟರ್ ಸುಟ್ಟ ಮಾತು ಎರಡನೇ ಪುಟದ ನಡುವೆ ಸಿಗುತ್ತದೆ. ಯಾವತ್ತು ಸುಟ್ಟಿತು ಅಂತ ಎಲ್ಲೂ ಇಲ್ಲ. ಆ ತಾರೀಕು, ಮನೆಗಳ ಲೆಕ್ಕ, ನೀರು ಹೊರುವ ದೂರ ಇವನ್ನು ನನಗೆ ಬರೆದ ಕಾಗದದಲ್ಲಿ ಮಾತ್ರ ಹೇಳಿದ್ದೀರಿ. ಹೀಗೆ ಬರೆಯಿರಿ:

‘ಮಾನ್ಯರೇ, ನಮ್ಮ ಊರಿನ ಶಾಲೆ ಹತ್ತಿರದ ಬೋರ್‌ವೆಲ್ ಮೋಟರ್ ಈ ತಿಂಗಳ 3ನೇ ತಾರೀಕು ಸುಟ್ಟಿದೆ. ಅಂದಿನಿಂದ 60 ಮನೆಗೆ ನೀರಿಲ್ಲ. ಒಂದೂವರೆ ಕಿಲೋಮೀಟರ್ ದೂರದ ತೋಟದಿಂದ ಹೊರುತ್ತಿದ್ದೇವೆ. ಮೋಟರ್ ಯಾವ ದಿನ ಬದಲಾಯಿಸುತ್ತೀರಿ ಎಂದು ಬರಹದಲ್ಲಿ ತಿಳಿಸಿ. ಅಲ್ಲಿಯವರೆಗೆ ಟ್ಯಾಂಕರ್ ಕಳಿಸಿ. ಹಿಂದೆ ಎರಡು ಸಲ ಅರ್ಜಿ ಕೊಟ್ಟಿದ್ದೇವೆ, ನಕಲು ಲಗತ್ತಿಸಿದೆ.’

ಸಹಿ, ಫೋನ್ ನಂಬರ್ ಹಾಕಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ‘ಮಾನ್ಯರೇ’ ಇರಲಿ, ಮರ್ಯಾದೆಯ ಮಾತು ಯಾವತ್ತೂ ಭಾರವಲ್ಲ.

ಇದಕ್ಕೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ನಿಮ್ಮ ಅರ್ಜಿಯ ಮೇಲೆ ಏನು ಕ್ರಮ ಆಯಿತು ಅಂತ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಯಾಕೆ ಬೇಕು ಅಂತ ನೀವು ಕಾರಣ ಹೇಳಬೇಕಾಗಿಲ್ಲ. ಕರ್ನಾಟಕದ ನಿಯಮದ ಪ್ರಕಾರ ಆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನಾನು ಮೇಲೆ ಬರೆದುಕೊಟ್ಟ ಅರ್ಜಿಯಲ್ಲಿ ಅದರ ಅರ್ಧದಷ್ಟು ಪದವೂ ಇಲ್ಲ, ಎಣಿಸಿ ನೋಡಿ.

ಪ್ರಶ್ನೆ: ನಾನು ಹೊಳೆನರಸೀಪುರದ ಕಡೆಯವಳು, ಮನೆವಾರ್ತೆ ನೋಡಿಕೊಂಡಿದ್ದೇನೆ. ನಮ್ಮವ್ವನ ಬಗ್ಗೆ ಕತೆ ಥರ ಏನೋ ಬರೆಯುತ್ತಿದ್ದೇನೆ. ಒಂದು ಪುಟ ಇಟ್ಟಿದ್ದೇನೆ. ‘ಐತೆ, ಬಂದವ್ನೆ, ಕೂತ್ಕಂಡು’ ಅಂತೆಲ್ಲ ಬರೆದರೆ ಓದಿದವರು ನಗುತ್ತಾರೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಶುದ್ಧ ಮಾಡಿ ಬರೆಯಲಾ?

ಉತ್ತರ: ಬೇಡಮ್ಮ. ಅವ್ವನ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಬಿಡಿ. ‘ನೀರ್ ಕಾದೈತೆ, ತಲೆಗೆ ಎಣ್ಣೆ ಮಡಿಕ್ಕಂಡು ಎಷ್ಟೊತ್ತು ಕೂತಿದೀಯೇ’ ಅಂತ ಬರೆದಿದ್ದೀರಲ್ಲ, ಅದನ್ನು ‘ನೀರು ಕಾದಿದೆ, ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ಹೊತ್ತು ಕುಳಿತಿರುವೆ’ ಅಂತ ಮಾಡಿದರೆ ಹಂಡೆಯ ಒಲೆಯ ಮುಂದಿನಿಂದ ಅವ್ವನನ್ನು ಎಬ್ಬಿಸಿ, ಯಾರೋ ಪಾಠ ಓದುವವರನ್ನು ಕೂರಿಸಿದ ಹಾಗಾಗುತ್ತದೆ.

ಕತೆ ಹೇಳುವ ನಿಮ್ಮ ಮಾತು ಯಾವುದು ಅನ್ನುವುದು ಬೇರೆ ವಿಷಯ. ಈ ಪುಟದಲ್ಲಿ ನೀವು ಅರ್ಧ ಪುಸ್ತಕದ ಕನ್ನಡ, ಅರ್ಧ ಮನೆಯ ಕನ್ನಡದಲ್ಲಿ ಹೇಳಿದ್ದೀರಿ, ಅದು ನಿಮಗೆ ಸಹಜವಾಗಿ ಬಂದಿದೆ. ಹಾಗೇ ಇರಲಿ. ಊರಿನ ಸೊಗಡು ಬರಲಿ ಅಂತ ನೀವು ಆಡದ ಮಾತನ್ನು ಹುಡುಕಿ ತಂದು ಹಾಕಲು ಮಾತ್ರ ಹೋಗಬೇಡಿ.

ನಿಮ್ಮ ಯಜಮಾನರಿಗೆ ಒಂದು ವಿಷಯ ತಿಳಿಸಿ. 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ. ಅವರ ಸುತ್ತಲಿನ ಹೆಣ್ಣುಮಕ್ಕಳ ಬದುಕು ಆ ಕತೆಗಳಲ್ಲಿದೆ, ಆ ಮನೆಗಳಲ್ಲಿ ಆಡುವ ಉರ್ದು, ಅರಬ್ಬಿ ಪದಗಳೂ ಇವೆ. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತರುವಾಗಲೂ ಅಂಥ ಎಷ್ಟೋ ಮಾತುಗಳನ್ನು ಹಾಗೆಯೇ ಉಳಿಸಿಕೊಂಡರು. ಲಂಡನ್ನಿನಲ್ಲಿ ಕೂತು ಓದಿದವರು ಯಾರೂ ನಗಲಿಲ್ಲ.

ನಿಮ್ಮ ಪುಟದಲ್ಲಿ ನಾನು ತಿದ್ದಿದ್ದು ಒಂದೇ ಕಡೆ. ‘ಮಾತೃಹೃದಯದ ವಾತ್ಸಲ್ಯ ಸಾಗರ’ ಅಂತ ಒಂದು ಸಾಲಿತ್ತು, ಅದನ್ನು ಹೊಡೆದಿದ್ದೇನೆ. ಅದರ ಕೆಳಗಿನ ಸಾಲಿನಲ್ಲಿ ಅವ್ವ ಸೀಗೆಪುಡಿ ಕಣ್ಣಿಗೆ ಬೀಳದ ಹಾಗೆ ನಿಮ್ಮ ಹಣೆಗೆ ಅಂಗೈ ಅಡ್ಡ ಹಿಡಿಯುತ್ತಾರೆ. ಅಷ್ಟು ಸಾಕು. ಆಮೇಲೆ ಅವ್ವ ಏನಂದರು ಅಂತ ಹೇಳುವ ಮೊದಲೇ ಪುಟ ಮುಗಿದಿದೆ. ಮುಂದಿನದನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.